ಮಂಜೂಷದ ಕೋಲುಗಳು

ಸೊಲೊಮೋನನು ಯೆರೂಸಲೇಮಿನಲ್ಲಿ ಕಟ್ಟಿಸಿದ ದೇವಾಲಯದ ಪ್ರತಿಷ್ಠೆಯನ್ನು ವಿವರಿಸುವ ಅಧ್ಯಾಯವು ಹೀಬ್ರೂ ಧರ್ಮಗ್ರಂಥದ ಅತ್ಯಂತ ವೈಭವದ ಪುಟಗಳಲ್ಲಿ ಒಂದು. ಅರಸುಗಳು ಎಂಬ ಗ್ರಂಥದ ಮೊದಲನೆಯ ಭಾಗದಲ್ಲಿ ಅದು 8ನೆಯ ಅಧ್ಯಾಯ. ಯಾಜಕರು ಒಡಂಬಡಿಕೆಯ ಮಂಜೂಷವನ್ನು ಹೊತ್ತು ತಂದು ಮಹಾಪರಿಶುದ್ಧಸ್ಥಳದಲ್ಲಿ, ರೆಕ್ಕೆ ಚಾಚಿ ನಿಂತ ಕೆರೂಬಿಗಳೆಂಬ ದಿವ್ಯಜೀವಿಗಳ ಎರಡು ಪ್ರತಿಮೆಗಳ ಕೆಳಗೆ ಇಳಿಸುತ್ತಾರೆ; ಅವರು ಹೊರಗೆ ಬರುತ್ತಲೇ ಮೇಘವು ಆಲಯವನ್ನು ತುಂಬಿಕೊಳ್ಳುತ್ತದೆ. ಈ ಎರಡು ಮಹಾಘಟನೆಗಳ ನಡುವೆ, ಕಥನದ ಓಟವನ್ನು ಒಂದು ಕ್ಷಣ ತಡೆದು, ಬರೆದವನು ಸಣ್ಣದೊಂದು ಸಂಗತಿಯನ್ನು ಹೇಳುತ್ತಾನೆ. ಮಂಜೂಷವನ್ನು ಹೊರುವ ಕೋಲುಗಳು ಬಹಳ ಉದ್ದವಾಗಿದ್ದುದರಿಂದ ಅವುಗಳ ತುದಿಗಳು ಮುಂದಿನ ಕೋಣೆಯಲ್ಲಿ ನಿಂತವರಿಗೆ ಕಾಣಿಸುತ್ತಿದ್ದವು, ಹೊರಗಿನವರಿಗೆ ಕಾಣಿಸುತ್ತಿರಲಿಲ್ಲ. ಅವು ಇಂದಿನವರೆಗೂ ಅಲ್ಲಿಯೇ ಇವೆ ಎಂದೂ ಅವನು ಬರೆಯುತ್ತಾನೆ.

ಈ ಮಾತು ಓದುಗರ ಕಣ್ಣಿಗೆ ಬೀಳದೆ ಜಾರಿಹೋಗುವಂಥದ್ದು. ಆದರೆ ರಾಜತ್ವ, ಒಡಂಬಡಿಕೆ, ಪವಿತ್ರಸ್ಥಳ ಎಂಬ ಮೂರರ ಬಗ್ಗೆ ಈ ಗ್ರಂಥಗಳು ನೂರಾರು ವರ್ಷ ನಡೆಸಿದ ಚಿಂತನೆಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ನನಗೆ ಬೇರೆ ಕಂಡಿಲ್ಲ. ಮಂಜೂಷವೆಂದರೆ ಜಾಲೀಮರದ ಒಂದು ಪೆಟ್ಟಿಗೆ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ, ಒಳಗೂ ಹೊರಗೂ ಚಿನ್ನದ ತಗಡಿನ ಹೊದಿಕೆ. ಅದರ ಎರಡು ಪಕ್ಕಗಳ ಬಳೆಗಳಲ್ಲಿ ಕೋಲುಗಳನ್ನು ಸೇರಿಸಬೇಕು, ಸೇರಿಸಿದ ಮೇಲೆ ತೆಗೆಯಲೇಕೂಡದು ಎಂದು ವಿಮೋಚನಕಾಂಡದ 25ನೆಯ ಅಧ್ಯಾಯ ವಿಧಿಸುತ್ತದೆ. ಮರುಭೂಮಿಯಲ್ಲಿ ದಿನಕ್ಕೊಂದು ಕಡೆ ಡೇರೆ ಹಾಕುತ್ತಿದ್ದ ಜನಕ್ಕೆ ಆ ವಿಧಿ ಸಹಜವೇ. ಆದರೆ ಏಳು ವರ್ಷ ಹಿಡಿದು ಕಟ್ಟಿದ, 60 ಮೊಳ ಉದ್ದದ ಕಲ್ಲಿನ ಆಲಯದಲ್ಲಿ, ಉದ್ದ ಅಗಲ ಎತ್ತರಗಳೆಲ್ಲ 20 ಮೊಳವಾಗಿದ್ದ ಚಿನ್ನದ ಕೋಣೆಯೊಳಗೆ, ಇನ್ನು ಹೊರುವ ಪ್ರಮೇಯವೆಲ್ಲಿಂದ ಬಂತು? ನಮ್ಮ ದೇವಸ್ಥಾನಗಳಲ್ಲಿ ಪಲ್ಲಕ್ಕಿಯೂ ಅದರ ದಂಡಿಗೆಯೂ ಇರುವುದು ಉತ್ಸವಮೂರ್ತಿಗೆ. ಗರ್ಭಗುಡಿಯ ಮೂಲಮೂರ್ತಿ ಅಲ್ಲಾಡುವುದಿಲ್ಲ. ಯೆರೂಸಲೇಮಿನಲ್ಲಿ ಗರ್ಭಗುಡಿಯ ವಸ್ತುವಿಗೇ ದಂಡಿಗೆಗಳನ್ನು ಉಳಿಸಿಕೊಂಡಿದ್ದರು. ಅರಸನು ದೇವರಿಗೆ ಶಾಶ್ವತವಾದ ನೆಲೆಯನ್ನು ಕಟ್ಟಿಕೊಟ್ಟೆನೆಂದು ಹಾಡಿದ ದಿನವೇ, ಆ ನೆಲೆಯ ನಡುಮಧ್ಯದಲ್ಲಿ ಹೊರಡುವ ಸಿದ್ಧತೆಯೂ ಕಣ್ಣಿಗೆ ಕಾಣುವಂತೆ ಇತ್ತು.

ಪೆಟ್ಟಿಗೆಯಲ್ಲಿ ಏನಿತ್ತೆಂಬುದನ್ನೂ ಅದೇ ಅಧ್ಯಾಯ ಖಚಿತವಾಗಿ ಹೇಳುತ್ತದೆ: ಜನರನ್ನು ಮರುಭೂಮಿಯಲ್ಲಿ ನಡೆಸಿದ ಮೋಶೆಯು ಹೋರೇಬಿನಲ್ಲಿ, ಅಂದರೆ ಸೀನಾಯಿ ಬೆಟ್ಟದಲ್ಲಿ, ಇಟ್ಟ ಆಜ್ಞೆಗಳ ಎರಡು ಕಲ್ಲಿನ ಹಲಗೆಗಳ ಹೊರತು ಬೇರೇನೂ ಇರಲಿಲ್ಲ. ದೇವರ ವಿಗ್ರಹವಿರಬೇಕಾದ ಜಾಗದಲ್ಲಿ ಒಂದು ಕರಾರುಪತ್ರ. ಪ್ರಾಚೀನ ಪಶ್ಚಿಮ ಏಷ್ಯಾದ ರಾಜರುಗಳ ನಡುವಣ ಒಪ್ಪಂದಗಳನ್ನು ಬಲ್ಲವರಿಗೆ ಈ ಏರ್ಪಾಟು ಅಪರಿಚಿತವೇನಲ್ಲ. ಕ್ರಿ.ಪೂ. 14ನೆಯ ಶತಮಾನದಲ್ಲಿ ಹಿತ್ತಿಯರ ಸಾಮ್ರಾಟ ಸುಪ್ಪಿಲುಲಿಯುಮನು ಮಿತನ್ನಿಯ ಶತ್ತಿವಾಜನೊಡನೆ ಮಾಡಿಕೊಂಡ ಒಪ್ಪಂದದ ಪ್ರತಿಗಳನ್ನು ಎರಡೂ ನಾಡುಗಳ ದೇವತೆಗಳ ಸನ್ನಿಧಿಯಲ್ಲಿ ಇರಿಸಬೇಕೆಂದೂ, ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಬೇಕೆಂದೂ ಆ ಪತ್ರದಲ್ಲಿಯೇ ಷರತ್ತಿದೆ. ಸಾಕ್ಷಿಗಳಾಗಿ ಅದರಲ್ಲಿ ಕರೆಯಲಾದ ದೇವತೆಗಳ ಸಾಲಿನಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳೂ ಇರುವುದರಿಂದ ನಮ್ಮ ಇತಿಹಾಸದ ಪುಸ್ತಕಗಳಲ್ಲಿಯೂ ಆ ಪತ್ರದ ಪ್ರಸ್ತಾಪ ಬರುತ್ತದೆ. ಮೋಶೆಯ ಐದು ಗ್ರಂಥಗಳಲ್ಲಿ ಕೊನೆಯದಾದ ಧರ್ಮೋಪದೇಶಕಾಂಡವು ಧರ್ಮಶಾಸ್ತ್ರದ ಗ್ರಂಥವನ್ನು ಮಂಜೂಷದ ಪಕ್ಕದಲ್ಲಿ ಇಡಬೇಕೆಂದೂ, ಏಳು ವರ್ಷಗಳಿಗೊಮ್ಮೆ ಪರ್ಣಶಾಲೆಗಳ ಹಬ್ಬದಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಪರದೇಶಿಗಳು ಎಲ್ಲರಿಗೂ ಕೇಳುವಂತೆ ಓದಬೇಕೆಂದೂ ವಿಧಿಸುವಾಗ ಅದೇ ಸಂಪ್ರದಾಯದ ಭಾಷೆಯನ್ನು ಆಡುತ್ತಿದೆ.

ಅಸ್ಸೀರಿಯದ ಅರಸ ಏಸರ್‌ಹದ್ದೋನನು ಕ್ರಿ.ಪೂ. 672ರಲ್ಲಿ ತನ್ನ ಉತ್ತರಾಧಿಕಾರಿಯ ಪರವಾಗಿ ಸಾಮಂತರಿಂದ ಪಡೆದ ಪ್ರಮಾಣಪತ್ರದ ಪ್ರತಿಯೊಂದು 2009ರಲ್ಲಿ ಟರ್ಕಿಯ ಆಗ್ನೇಯ ಭಾಗದ ಟೆಲ್ ತಯಿನಾತ್ ಎಂಬಲ್ಲಿ, ಒಂದು ದೇವಾಲಯದ ಒಳಕೋಣೆಯಲ್ಲಿಯೇ ದೊರಕಿತು. ಆ ಪ್ರಮಾಣಪತ್ರದಲ್ಲಿ ತಪ್ಪಿ ನಡೆದವರ ನೆಲ ಕಬ್ಬಿಣದಂತಾಗಲಿ, ತಾಮ್ರದಂಥ ಆಕಾಶದಿಂದ ಮಳೆ ಬೀಳದಂತೆ ಅವರ ಹೊಲಗಳ ಮೇಲೆಯೂ ಮಳೆ ಬೀಳದಿರಲಿ ಎಂಬ ಶಾಪವಿದೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿ ಮೇಲಿನ ಆಕಾಶ ತಾಮ್ರವೂ ಕೆಳಗಿನ ಭೂಮಿ ಕಬ್ಬಿಣವೂ ಆಗುವುದೆಂಬ ಶಾಪವಿದೆ. ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ಬರಹಗಾರರಿಗೆ ಇಂಥ ಪತ್ರಗಳ ರೀತಿ ಚೆನ್ನಾಗಿ ತಿಳಿದಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅವರು ಮಾಡಿದ ಬದಲಾವಣೆ ದೊಡ್ಡದು. ಚಕ್ರವರ್ತಿ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಅವರು ದೇವರನ್ನು ಕೂರಿಸಿದರು. ಸಾಮಂತ ಅರಸನು ನಿಲ್ಲುತ್ತಿದ್ದ ಜಾಗದಲ್ಲಿ ಐಗುಪ್ತದ, ಅಂದರೆ ಈಜಿಪ್ಟಿನ, ಬಿಟ್ಟಿದುಡಿಮೆಯಿಂದ ತಪ್ಪಿಸಿಕೊಂಡು ಬಂದ ಇಡೀ ಜನಸಮೂಹವನ್ನು ನಿಲ್ಲಿಸಿದರು. ಸೀನಾಯಿ ಬೆಟ್ಟದ ಬುಡದಲ್ಲಿ ಒಡಂಬಡಿಕೆಯಾದಾಗ ಇಸ್ರಾಯೇಲರಿಗೆ ಅರಸನೇ ಇರಲಿಲ್ಲ. ಆದ್ದರಿಂದ ಈ ಕಥನದಲ್ಲಿ ಅರಸನು ಯಾವಾಗ ಬಂದರೂ ತಡವಾಗಿ ಬಂದವನೇ. ಆಗಲೇ ಸಹಿ ಬಿದ್ದ ಒಪ್ಪಂದದೊಳಗೆ ತನ್ನ ಜಾಗವನ್ನು ಅವನು ಹುಡುಕಿಕೊಳ್ಳಬೇಕು.

ಅವನಿಗೆ ಸಿಗುವ ಜಾಗವಾದರೂ ಎಷ್ಟು ಇಕ್ಕಟ್ಟಾದದ್ದೆಂಬುದನ್ನು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿ ನೋಡಬಹುದು. ಅರಸನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರಗಳನ್ನು ರಾಶಿ ಹಾಕಿಕೊಳ್ಳಬಾರದು. ಅವನು ಮಾಡಬೇಕಾದ ಕೆಲಸವೆಂದು ಹೇಳಿರುವುದು ಒಂದೇ: ಸಿಂಹಾಸನದ ಮೇಲೆ ಕುಳಿತಾಗ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದುಕೊಂಡು, ಬದುಕಿರುವ ದಿನಗಳೆಲ್ಲ ಓದುತ್ತಿರಬೇಕು, ತನ್ನ ಮನಸ್ಸು ಸಹೋದರರಿಗಿಂತ ಮೇಲೇರದಂತೆ ನೋಡಿಕೊಳ್ಳಬೇಕು. ಯುದ್ಧ ಮಾಡುವುದಾಗಲಿ, ನ್ಯಾಯ ತೀರಿಸುವುದಾಗಲಿ, ದೇವಾಲಯ ಕಟ್ಟಿಸುವುದಾಗಲಿ ಅವನ ಕರ್ತವ್ಯಗಳ ಪಟ್ಟಿಯಲ್ಲಿಯೇ ಇಲ್ಲ. ಸುತ್ತಲ ನಾಡುಗಳಲ್ಲಿ ರಾಜರು ಈ ಮೂರನ್ನೇ ಶಿಲೆಯ ಮೇಲೆ ಕೊರೆಯಿಸಿ ಹೆಮ್ಮೆಪಡುತ್ತಿದ್ದ ಕಾಲದಲ್ಲಿ, ಅರಸನನ್ನು ಓದುಗನನ್ನಾಗಿ ಕಲ್ಪಿಸಿಕೊಂಡ ಈ ಧೈರ್ಯಕ್ಕೆ ನಾನು ಪ್ರತಿ ಸಲವೂ ತಲೆಬಾಗುತ್ತೇನೆ. ಪ್ರವಾದಿ ಸಮುವೇಲನ ಮಾತು ಇನ್ನೂ ಕಟುವಾದದ್ದು. ಇತರ ಜನಾಂಗಗಳಂತೆ ನಮಗೂ ಅರಸನು ಬೇಕೆಂದು ಹಿರಿಯರು ರಾಮಾದಲ್ಲಿ ಬಂದು ಕೇಳಿದಾಗ ಆ ವೃದ್ಧನು, ನಿಮ್ಮ ಗಂಡುಮಕ್ಕಳನ್ನು ರಥಗಳ ಮುಂದೆ ಓಡಲು ತೆಗೆದುಕೊಳ್ಳುವನು, ಹೆಣ್ಣುಮಕ್ಕಳನ್ನು ಅಡುಗೆಗೂ ಸುಗಂಧ ತಯಾರಿಸುವುದಕ್ಕೂ ತೆಗೆದುಕೊಳ್ಳುವನು, ಹೊಲಗಳನ್ನೂ ದ್ರಾಕ್ಷಿತೋಟಗಳನ್ನೂ ತೆಗೆದುಕೊಳ್ಳುವನು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತೆಗೆದುಕೊಳ್ಳುವನು ಎಂದು ಒಂದೇ ಕ್ರಿಯಾಪದವನ್ನು ಮತ್ತೆ ಮತ್ತೆ ಸುತ್ತಿಗೆಯಂತೆ ಬಡಿಯುತ್ತಾನೆ.

ಸ್ಥಳದ ವಿಷಯದಲ್ಲಿಯೂ ಇದೇ ಹಿಡಿತವಿದೆ. ಇಸ್ರಾಯೇಲರ ದೇವರಾದ ಯೆಹೋವನು ತನ್ನ ಹೆಸರನ್ನು ಸ್ಥಾಪಿಸಲು ಆರಿಸಿಕೊಳ್ಳುವ ಸ್ಥಳದಲ್ಲಿಯೇ ಯಜ್ಞಗಳನ್ನು ಅರ್ಪಿಸಬೇಕೆಂದು ಧರ್ಮೋಪದೇಶಕಾಂಡವು ಪದೇ ಪದೇ ಹೇಳುತ್ತದೆಯಾದರೂ ಆ ಸ್ಥಳ ಯಾವುದೆಂದು ಹೆಸರಿಸುವುದಿಲ್ಲ. ಯೆರೂಸಲೇಮ್ ಎಂಬ ಹೆಸರು ಮೋಶೆಯ ಐದು ಗ್ರಂಥಗಳಲ್ಲಿ ಒಮ್ಮೆಯೂ ಬರುವುದಿಲ್ಲ. ಅದು ಯೆಬೂಸಿಯರ ಊರಾಗಿತ್ತು. ಸೊಲೊಮೋನನ ತಂದೆ ದಾವೀದನು ಗೆದ್ದು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಆಲಯ ಎದ್ದ ಜಾಗವಂತೂ ಅರೌನನೆಂಬ ಯೆಬೂಸಿಯನು ಗೋದಿ ತುಳಿಸುತ್ತಿದ್ದ ಕಣ. ದಾವೀದನು ಜನಗಣತಿ ಮಾಡಿಸಿದ ಪಾಪಕ್ಕೆ ವ್ಯಾಧಿ ಹಬ್ಬಿ, ಸಂಹಾರಕ ದೂತನು ಆ ಕಣದ ಬಳಿ ಕೈ ತಡೆದು ನಿಂತಾಗ, ಅರಸನು ಕಣವನ್ನೂ ಎತ್ತುಗಳನ್ನೂ 50 ಬೆಳ್ಳಿ ಶೆಕೆಲ್‌ಗಳಿಗೆ ಕೊಂಡುಕೊಂಡನೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಅರೌನನು ಬಿಟ್ಟಿಯಾಗಿ ಕೊಡುತ್ತೇನೆಂದರೂ ದಾವೀದನು ಒಪ್ಪಲಿಲ್ಲ. ಬಹುಕಾಲದ ಮೇಲೆ ಬರೆದ ಪೂರ್ವಕಾಲವೃತ್ತಾಂತವು ಬೆಲೆಯನ್ನು 600 ಶೆಕೆಲ್ ಬಂಗಾರಕ್ಕೆ ಏರಿಸಿ, ಜಾಗವನ್ನು ಮೋರೀಯ ಬೆಟ್ಟವೆಂದು ಕರೆಯುತ್ತದೆ. ಸ್ಥಳದ ಮಹಿಮೆ ಕಾಲದೊಂದಿಗೆ ಬೆಳೆದುದನ್ನು ಈ ಎರಡು ಬೆಲೆಗಳ ಅಂತರದಲ್ಲಿ ಕಾಣಬಹುದು. ಹಳೆಯ ಕಥೆಯಲ್ಲಿ ಮಾತ್ರ ಆ ನೆಲ ಪವಿತ್ರವಾದದ್ದು ಅರಸನ ತಪ್ಪೂ ದೇವರ ಕರುಣೆಯೂ ಸಂಧಿಸಿದ ಜಾಗವೆಂಬ ಒಂದೇ ಕಾರಣಕ್ಕೆ.

ದಾವೀದನಿಗೆ ಆಲಯ ಕಟ್ಟುವ ಬಯಕೆಯಿತ್ತು. ನಾನು ದೇವದಾರು ಮರದ ಅರಮನೆಯಲ್ಲಿರುವಾಗ ದೇವರ ಮಂಜೂಷ ಬಟ್ಟೆಯ ಗುಡಾರದಲ್ಲಿದೆಯಲ್ಲ ಎಂದು ಅವನು ನೊಂದುಕೊಂಡನು. ಪ್ರವಾದಿಯಾದ ನಾತಾನನು ಮೊದಲು ಒಪ್ಪಿ, ಆ ರಾತ್ರಿ ದೇವರ ವಾಕ್ಯ ಬಂದ ಮೇಲೆ ಬೇರೆಯೇ ಉತ್ತರ ತಂದನು: ಐಗುಪ್ತದಿಂದ ಹೊರಟಂದಿನಿಂದ ನಾನು ಗುಡಾರದಲ್ಲಿಯೇ ಸಂಚರಿಸುತ್ತ ಬಂದಿದ್ದೇನೆ, ನನಗೆ ಮನೆ ಕಟ್ಟಲಿಲ್ಲವೇಕೆಂದು ಯಾರನ್ನಾದರೂ ಕೇಳಿದ್ದುಂಟೆ? ಅದೇ ಉತ್ತರದಲ್ಲಿ, ನಿನ್ನ ಸಿಂಹಾಸನವು ಎಂದೆಂದಿಗೂ ಸ್ಥಿರವಾಗಿರುವುದೆಂಬ ವಾಗ್ದಾನವೂ ಸೇರಿದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಇಲ್ಲಿ ದಾವೀದನ ಬದುಕಿನ ಇನ್ನೊಂದು ಘಟನೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಮಗನಾದ ಅಬ್ಷಾಲೋಮನು ದಂಗೆಯೆದ್ದಾಗ ಅರಸನು ರಾಜಧಾನಿಯನ್ನು ಬಿಟ್ಟು ಓಡಬೇಕಾಯಿತು. ಯಾಜಕನಾದ ಚಾದೋಕನೂ ದೇವರ ಸೇವೆಗೆ ನೇಮಕವಾದ ಕುಲದವರಾದ ಲೇವಿಯರೂ ಮಂಜೂಷವನ್ನು ಹೊತ್ತುಕೊಂಡು ಅವನ ಹಿಂದೆಯೇ ಹೊರಟರು. ಯಾವ ಅರಸನಾದರೂ ಅದನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದನು. ಮಂಜೂಷವಿದ್ದ ಕಡೆಯೇ ನಿಜವಾದ ಅರಸನೆಂದು ಜನ ನಂಬುತ್ತಿದ್ದರು. ದಾವೀದನು ಅದನ್ನು ಊರಿಗೆ ಹಿಂದಕ್ಕೆ ಕಳುಹಿಸಿದನು. ಯೆಹೋವನ ದಯೆಯಿದ್ದರೆ ಅವನೇ ನನ್ನನ್ನು ಹಿಂದಕ್ಕೆ ಬರಮಾಡಿ ಅದನ್ನು ತೋರಿಸುವನು, ಇಲ್ಲದಿದ್ದರೆ ತನಗೆ ಸರಿಬಂದಂತೆ ಮಾಡಲಿ ಎಂದು ಹೇಳಿ, ತಲೆಗೆ ಮುಸುಕು ಹಾಕಿಕೊಂಡು, ಬರಿಗಾಲಿನಲ್ಲಿ, ಅಳುತ್ತ ಎಣ್ಣೆಮರಗಳ ಗುಡ್ಡವನ್ನು ಹತ್ತಿದನು. ತನ್ನ ಯೋಧ ಊರೀಯನ ಹೆಂಡತಿಯನ್ನು ಕೂಡಿ ಅವನನ್ನು ಕೊಲ್ಲಿಸಿದ ಪಾಪಿಯೂ ಇವನೇ. ಆದರೂ ಮಂಜೂಷವನ್ನು ಬಿಟ್ಟುಕೊಟ್ಟ ಆ ಗಳಿಗೆಯಲ್ಲಿ ಅವನು ಇಡೀ ಗ್ರಂಥದ ಅತ್ಯುತ್ತಮ ಅರಸನಾಗಿ ನನಗೆ ಕಾಣುತ್ತಾನೆ.

ಸೊಲೊಮೋನನ ಕಥೆಯನ್ನು ಬರೆದವನು ಅವನನ್ನು ಬಾಯ್ತುಂಬ ಹೊಗಳುತ್ತಲೇ ಒಂದೊಂದಾಗಿ ಲೆಕ್ಕವನ್ನೂ ಇಡುತ್ತ ಹೋಗುತ್ತಾನೆ. ಲೆಬನೋನಿನ ಮರ ಕಡಿಯುವುದಕ್ಕೆ 30,000 ಬಿಟ್ಟಿಯಾಳುಗಳು, ತಿಂಗಳಿಗೆ 10,000 ಮಂದಿಯ ಸರದಿ. ಹೊರೆ ಹೊರಲು 70,000 ಮಂದಿ, ಬೆಟ್ಟದಲ್ಲಿ ಕಲ್ಲು ಕಡಿಯಲು 80,000 ಮಂದಿ. ಆಲಯಕ್ಕೆ ಏಳು ವರ್ಷ, ಅವನ ಸ್ವಂತ ಅರಮನೆಗೆ 13 ವರ್ಷ. ವರ್ಷಕ್ಕೆ 666 ತಲಾಂತು ಬಂಗಾರ. ಐಗುಪ್ತದಿಂದ ತರಿಸಿದ ಕುದುರೆಗಳು, 1,400 ರಥಗಳು. 700 ಮಂದಿ ರಾಣಿಯರು, 300 ಮಂದಿ ಉಪಪತ್ನಿಯರು. ಕುದುರೆ, ಹೆಂಡತಿ, ಬಂಗಾರ: ಅರಸನಿಗೆ ನಿಷೇಧಿಸಿದ ಮೂರನ್ನೂ ಅವನು ಮುಟ್ಟಿದ್ದಾನೆ. ಈ ಸಂಖ್ಯೆಗಳನ್ನು ಇತಿಹಾಸದ ದಾಖಲೆಗಳೆಂದು ಓದುವುದು ಕಷ್ಟ; ಬರೆದವನು ಮಾಡುತ್ತಿರುವ ತೀರ್ಪು ಮಾತ್ರ ಸ್ಪಷ್ಟವಾಗಿದೆ. ಐಗುಪ್ತದ ಅರಸ ಫರೋಹನು ಇಸ್ರಾಯೇಲರಿಂದ ಉಗ್ರಾಣದ ಪಟ್ಟಣಗಳನ್ನು ಕಟ್ಟಿಸಿದನೆಂದು ವಿಮೋಚನಕಾಂಡ ಶುರುವಾಗುತ್ತದೆ. ಫರೋಹನ ಅಳಿಯನಾದ ಸೊಲೊಮೋನನೂ ಉಗ್ರಾಣದ ಪಟ್ಟಣಗಳನ್ನು ಕಟ್ಟಿಸುತ್ತಾನೆ.

ಆದರೂ ಈ ಅರಸನ ಬಾಯಲ್ಲಿಯೇ ಆ ಗ್ರಂಥ ತನ್ನ ಅತ್ಯಂತ ಎತ್ತರದ ಪ್ರಾರ್ಥನೆಯನ್ನು ಇಟ್ಟಿದೆ. ಆಕಾಶವೂ ಉನ್ನತೋನ್ನತವಾದ ಆಕಾಶವೂ ನಿನ್ನ ವಾಸಕ್ಕೆ ಸಾಲದು, ನಾನು ಕಟ್ಟಿಸಿದ ಈ ಮಂದಿರ ಸಾಕಾದೀತೆ ಎಂದು ಕಟ್ಟಿಸಿದವನೇ ಪ್ರತಿಷ್ಠೆಯ ದಿನ ಕೇಳುತ್ತಾನೆ. ಆಮೇಲೆ ಅವನು ಬೇಡುವುದೆಲ್ಲ ಕೇಳಿಸಿಕೋ ಎಂಬುದೊಂದನ್ನೇ: ಮಳೆ ನಿಂತಾಗ, ಬರ ಬಂದಾಗ, ದೂರದೇಶದ ಪರಕೀಯನು ನಿನ್ನ ಹೆಸರು ಕೇಳಿ ಬಂದು ಈ ಆಲಯದ ಕಡೆಗೆ ತಿರುಗಿ ಬೇಡಿದಾಗ, ಕಡೆಗೆ ನಿನ್ನ ಜನರೇ ಸೆರೆಯಾಗಿ ಹೋಗಿ ಅಲ್ಲಿಂದ ಈ ಸ್ಥಳದ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸಿದಾಗ, ನೀನಿರುವ ಆಕಾಶದಿಂದಲೇ ಕೇಳಿಸಿಕೋ. ಸೆರೆಯ ಮಾತು ಬಂದಿರುವುದರಿಂದಲೇ ಈ ಪ್ರಾರ್ಥನೆಯ ಈಗಿನ ರೂಪ ಬಾಬಿಲೋನಿನ ಸೆರೆಯನ್ನು ಕಂಡವರ ಕೈಯಲ್ಲಿ ಆದದ್ದೆಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೆಯೇ ತೋರುತ್ತದೆ. ಆಲಯ ಸುಟ್ಟುಹೋದ ಮೇಲೆ ಅದರ ಪ್ರತಿಷ್ಠೆಯ ದಿನವನ್ನು ಬರೆದವನು, ಕಟ್ಟಡವಿಲ್ಲದೆಯೂ ಉಳಿಯಬಲ್ಲ ಪ್ರಾರ್ಥನೆಯನ್ನು ಆ ದಿನದೊಳಗೆ ಸೇರಿಸಿಟ್ಟನು. ಕೋಲುಗಳು ಇಂದಿನವರೆಗೂ ಇವೆ ಎಂಬ ಹಳೆಯ ಮಾತನ್ನು ಅಳಿಸದೆ ಹಾಗೆಯೇ ಉಳಿಸಿದವನೂ ಅವನೇ.

ಸೊಲೊಮೋನನು ತೀರಿಕೊಂಡ ಮೇಲೆ ಉತ್ತರದ ಕುಲಗಳು ಶೆಕೆಮಿನಲ್ಲಿ ಸೇರಿ, ನಿನ್ನ ತಂದೆ ಹೊರಿಸಿದ ನೊಗವನ್ನು ಹಗುರ ಮಾಡು ಎಂದು ರೆಹಬ್ಬಾಮನನ್ನು ಕೇಳಿಕೊಂಡವು. ನನ್ನ ತಂದೆ ನಿಮ್ಮ ನೊಗವನ್ನು ಭಾರ ಮಾಡಿದನು, ನಾನು ಅದನ್ನು ಇನ್ನೂ ಭಾರ ಮಾಡುವೆನೆಂದು ಅವನು ಉತ್ತರಿಸಿದನು. ಬಿಟ್ಟಿಕೆಲಸದ ಮೇಲ್ವಿಚಾರಕನನ್ನು ಜನ ಕಲ್ಲೆಸೆದು ಕೊಂದರು, ರಾಜ್ಯ ಎರಡಾಯಿತು. ಉತ್ತರದ ಅರಸ ಯಾರೊಬ್ಬಾಮನು ತನ್ನ ಜನ ಯೆರೂಸಲೇಮಿಗೆ ಹೋಗದಿರಲೆಂದು ಬೇತೇಲಿನಲ್ಲಿಯೂ ದಾನಿನಲ್ಲಿಯೂ ಬಂಗಾರದ ಹೋರಿಕರುಗಳನ್ನು ಇಡಿಸಿದನು. ಅರಸನ ರಕ್ಷಣೆಗಾಗಿ ಹುಟ್ಟಿದ ಪವಿತ್ರಸ್ಥಳ ಏನಾಗುತ್ತದೆಂಬುದನ್ನು ಕ್ರಿ.ಪೂ. 8ನೆಯ ಶತಮಾನದಲ್ಲಿ ಬೇತೇಲಿನ ಯಾಜಕ ಅಮಚ್ಯನೇ ಪ್ರವಾದಿ ಆಮೋಸನಿಗೆ ಹೇಳಿಬಿಟ್ಟನು: ಇಲ್ಲಿ ಇನ್ನು ಪ್ರವಾದನೆ ಮಾಡಬೇಡ, ಇದು ಅರಸನ ದೇವಸ್ಥಾನ, ರಾಜ್ಯದ ಆಲಯ. ದೇವರ ಹೆಸರು ಆ ಮಾತಿನಲ್ಲಿ ಇರಲೇ ಇಲ್ಲ.

ಯೆಹೂದದ ಕಡೆಯ ದಿನಗಳಲ್ಲಿ ತಂದೆ ಮಕ್ಕಳಾದ ಇಬ್ಬರು ಅರಸರ ಮುಂದೆ ಎರಡು ಸುರುಳಿಗಳನ್ನು ಓದಲಾಯಿತು. ಮೊದಲನೆಯದು ಕ್ರಿ.ಪೂ. 622ರ ಸುಮಾರಿಗೆ. ಆಲಯದ ರಿಪೇರಿ ನಡೆಯುತ್ತಿರುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಲೇಖಕನಾದ ಶಾಫಾನನು ಅದನ್ನು ಅರಸ ಯೋಷೀಯನ ಮುಂದೆ ಓದಿದನು. ಕೇಳುತ್ತಲೇ ಅರಸನು ತನ್ನ ಬಟ್ಟೆಗಳನ್ನು ಹರಿದುಕೊಂಡನು. ಗ್ರಂಥದ ಮಾತು ಸತ್ಯವೇ ಎಂದು ತಿಳಿಯಲು ಹುಲ್ದಳೆಂಬ ಪ್ರವಾದಿನಿಯ ಬಳಿಗೆ ಜನ ಕಳುಹಿಸಿದನು. ನಾಶ ತಪ್ಪದು ಎಂಬ ಉತ್ತರ ಬಂದ ಮೇಲೂ, ಸಣ್ಣವರು ದೊಡ್ಡವರೆಲ್ಲರನ್ನೂ ಆಲಯಕ್ಕೆ ಕರೆಸಿ ತಾನೇ ಗ್ರಂಥವನ್ನು ಓದಿ, ಕಂಬದ ಬಳಿ ನಿಂತು ಒಡಂಬಡಿಕೆಯನ್ನು ನವೀಕರಿಸಿದನು. ಆ ಗ್ರಂಥ ಧರ್ಮೋಪದೇಶಕಾಂಡದ ಒಂದು ಹಳೆಯ ರೂಪವೆಂದು ಜರ್ಮನ್ ವಿದ್ವಾಂಸ ದೆ ವೆಟ್ಟೆ 1805ರಲ್ಲಿ ಮಂಡಿಸಿದ ವಾದ ಇಂದಿಗೂ ಈ ಅಧ್ಯಯನಗಳ ಆಧಾರಸ್ತಂಭಗಳಲ್ಲಿ ಒಂದು. ಯೋಷೀಯನು ಊರೂರಿನ ಪೂಜಾಸ್ಥಳಗಳನ್ನು ಕೆಡವಿಸಿದ್ದು, ಬೇತೇಲಿನ ಯಜ್ಞವೇದಿಯನ್ನು ಹೊಲೆಮಾಡಿದ್ದು ಎಲ್ಲವೂ ಭಕ್ತಿಯಿಂದಲೇ ಆಯಿತೆಂದು ಗ್ರಂಥ ಹೊಗಳುತ್ತದೆ. ಎಷ್ಟೋ ಹಳ್ಳಿಗಳ ಜನರಿಗೆ ತಮ್ಮ ಅಜ್ಜಂದಿರ ಕಾಲದ ದೇವಸ್ಥಳ ಒಂದೇ ದಿನದಲ್ಲಿ ಇಲ್ಲವಾಯಿತೆಂಬ ನೋವನ್ನು ಮಾತ್ರ ಅದು ಬರೆದಿಡಲಿಲ್ಲ. ಓದುವಾಗ ಆ ಮೌನ ನನ್ನನ್ನು ಕಾಡುತ್ತದೆ. ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನಲ್ಲಿ ಫರೋಹ ನೆಕೋವನಿಂದ ಯೋಷೀಯನು ಹತನಾದನು.

ಎರಡನೆಯ ಸುರುಳಿ ಪ್ರವಾದಿ ಯೆರೆಮೀಯನದು. ಅವನಿಗೆ ಆಲಯದೊಳಗೆ ಪ್ರವೇಶವಿರಲಿಲ್ಲವಾದ್ದರಿಂದ ಲಿಪಿಕಾರನಾದ ಬಾರೂಕನು ಅದನ್ನು ಅಲ್ಲಿ ಶಾಫಾನನ ಮಗ ಗೆಮರ್ಯನ ಕೋಣೆಯಲ್ಲಿ ಓದಿದನು. ಸುದ್ದಿ ಅರಮನೆಗೆ ಮುಟ್ಟಿತು. ಚಳಿಗಾಲದ ಒಂಬತ್ತನೆಯ ತಿಂಗಳು. ಅರಸ ಯೆಹೋಯಾಕೀಮನು ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದನು. ಓದುವವನು ಮೂರು ನಾಲ್ಕು ಅಂಕಣಗಳನ್ನು ಓದುತ್ತಲೇ ಅರಸನು ಲೇಖಕರ ಚೂರಿಯಿಂದ ಅಷ್ಟು ಭಾಗವನ್ನು ಕತ್ತರಿಸಿ ಬೆಂಕಿಗೆ ಎಸೆದನು. ಹೀಗೆ ಸುರುಳಿಯೆಲ್ಲ ಬೂದಿಯಾಯಿತು. ಅರಸನಾಗಲಿ ಸೇವಕರಾಗಲಿ ಬಟ್ಟೆಗಳನ್ನು ಹರಿದುಕೊಳ್ಳಲಿಲ್ಲವೆಂದು ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ಬೇಕೆಂದೇ ನಮೂದಿಸುತ್ತದೆ; ಇದನ್ನು ಬರೆದವನ ಕಣ್ಣ ಮುಂದೆ ತಂದೆಯ ಹರಿದ ಬಟ್ಟೆಗಳಿದ್ದವು. ಸುಡಬೇಡಿರೆಂದು ಬೇಡಿಕೊಂಡ ಮೂವರಲ್ಲಿ ಗೆಮರ್ಯನೂ ಒಬ್ಬನು, ಅಂದರೆ ಯೋಷೀಯನಿಗೆ ಓದಿ ಹೇಳಿದವನ ಮಗ. 1982ರಲ್ಲಿ ಯೆರೂಸಲೇಮಿನ ದಾವೀದನಗರದ ಉತ್ಖನನದಲ್ಲಿ ಸುಮಾರು 50 ಮಣ್ಣಿನ ಮುದ್ರೆಗಳು ದೊರಕಿದವು. ಅವುಗಳಲ್ಲಿ ಒಂದರ ಮೇಲೆ ಶಾಫಾನನ ಮಗ ಗೆಮರ್ಯನದು ಎಂದು ಬರೆದಿದೆ. ಆ ಮುದ್ರೆಗಳನ್ನು ಒತ್ತಿದ್ದ ಪತ್ರಗಳೆಲ್ಲ ಪಟ್ಟಣ ನಾಶವಾದ ದಿನದ ಬೆಂಕಿಯಲ್ಲಿ ಉರಿದುಹೋಗಿದ್ದವು. ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಮಣ್ಣು ಮಾತ್ರ ಉಳಿಯಿತು.

ಇದೇ ಯೆಹೋಯಾಕೀಮನ ಆಳ್ವಿಕೆಯ ಆರಂಭದಲ್ಲಿ ಯೆರೆಮೀಯನು ಆಲಯದ ಬಾಗಿಲಲ್ಲಿ ನಿಂತು, ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಎಂಬ ಸುಳ್ಳು ಮಾತುಗಳನ್ನು ನಂಬಬೇಡಿರೆಂದು ಕೂಗಿದನು. ಕದಿಯುತ್ತೀರಿ, ಕೊಲ್ಲುತ್ತೀರಿ, ಸುಳ್ಳಾಣೆ ಇಡುತ್ತೀರಿ, ಆಮೇಲೆ ಇಲ್ಲಿ ಬಂದು ಸುರಕ್ಷಿತರಾದೆವೆನ್ನುತ್ತೀರಿ. ಇದು ಕಳ್ಳರ ಗವಿಯೇ? ಶೀಲೋವಿಗೆ ಹೋಗಿ ನೋಡಿರಿ ಎಂದನು. ಯೆರೂಸಲೇಮಿಗಿಂತ ಮೊದಲು ಮಂಜೂಷವಿದ್ದ ಊರು ಅದು. ಫಿಲಿಷ್ಟಿಯರೊಡನೆ ನಡೆದ ಯುದ್ಧದಲ್ಲಿ ಸೋತ ಹಿರಿಯರು ಮಂಜೂಷವನ್ನು ರಣರಂಗಕ್ಕೆ ತರಿಸಿಕೊಂಡದ್ದು ಅಲ್ಲಿಂದಲೇ. ತಂದರೂ ಸೋತರು, ಮಂಜೂಷವೂ ಶತ್ರುಗಳ ಪಾಲಾಯಿತು. ಶೀಲೋ ಕ್ರಿ.ಪೂ. 11ನೆಯ ಶತಮಾನದಲ್ಲಿ ದೊಡ್ಡ ಬೆಂಕಿಗೆ ಆಹುತಿಯಾದುದನ್ನು ಇಸ್ರಾಯೇಲ್ ಫಿಂಕಲ್‌ಸ್ಟೈನ್ ಅವರು 1981ರಿಂದ 1984ರವರೆಗೆ ನಡೆಸಿದ ಉತ್ಖನನವು ತೋರಿಸಿತು. ಪ್ರವಾದಿಯ ಮಾತು ಕೇಳಿದ ಯಾಜಕರು ಇವನಿಗೆ ಮರಣದಂಡನೆಯಾಗಬೇಕೆಂದರು. ಆಗ ಊರಿನ ಹಿರಿಯರು ಎದ್ದು, ನೂರು ವರ್ಷಗಳ ಹಿಂದೆ ಪ್ರವಾದಿ ಮೀಕನೂ ಚೀಯೋನು, ಅಂದರೆ ಯೆರೂಸಲೇಮು, ಹೊಲದಂತೆ ಉಳಲ್ಪಡುವುದು ಎಂದಿದ್ದನು, ಅರಸ ಹಿಜ್ಕೀಯನು ಅವನನ್ನು ಕೊಂದನೇ ಎಂದು ಕೇಳಿದರು. ಶಾಫಾನನ ಇನ್ನೊಬ್ಬ ಮಗ ಅಹೀಕಾಮನು ಯೆರೆಮೀಯನ ಪ್ರಾಣ ಉಳಿಸಿದನು.

ದಾವೀದನಿಗೆ ಕೊಟ್ಟ ವಾಗ್ದಾನದ ಮಾತಿಗೆ ಈಗ ಬರಬೇಕು. ಈ ಗ್ರಂಥಗಳಲ್ಲಿ ಎರಡು ಬಗೆಯ ಒಡಂಬಡಿಕೆಗಳು ಒಂದರ ಪಕ್ಕದಲ್ಲಿ ಒಂದು ಇವೆ, ಪೂರ್ತಿ ಬೆಸೆದುಕೊಂಡಿಲ್ಲ. ನಾತಾನನ ಮಾತಿನಲ್ಲಿ ದಾವೀದನ ವಂಶದವನು ತಪ್ಪು ಮಾಡಿದರೆ ಶಿಕ್ಷೆಯುಂಟು, ಕೃಪೆ ಮಾತ್ರ ತೊಲಗುವುದಿಲ್ಲ. ಅರಸುಗಳು ಗ್ರಂಥದಲ್ಲಿಯೇ ಸೊಲೊಮೋನನಿಗೆ ಸಿಗುವ ಉತ್ತರ ಬೇರೆ: ನೀವು ನನ್ನ ಆಜ್ಞೆಗಳನ್ನು ಬಿಟ್ಟರೆ ಇಸ್ರಾಯೇಲರನ್ನು ಈ ದೇಶದಿಂದ ಕಿತ್ತುಹಾಕುವೆನು, ಈ ಆಲಯವನ್ನೂ ತಳ್ಳಿಬಿಡುವೆನು. ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಸುಟ್ಟಾಗ ಎರಡನೆಯದು ನಿಜವಾಯಿತು, ಮೊದಲನೆಯದು ಗಾಯವಾಗಿ ಉಳಿಯಿತು. ಆ ಗಾಯವನ್ನು ಮುಚ್ಚದೆ ತೋರಿಸುವ ಹಾಡು 89ನೆಯ ಕೀರ್ತನೆ. ಮೊದಲರ್ಧದಲ್ಲಿ ಅದು ದಾವೀದನ ಸಿಂಹಾಸನ ಸೂರ್ಯನಂತೆ ಇರುವುದೆಂಬ ದೇವರ ಆಣೆಯನ್ನು ಒಂದಕ್ಷರ ಬಿಡದೆ ನೆನಪಿಸುತ್ತದೆ. ಮರುಕ್ಷಣವೇ, ನಿನ್ನ ಸೇವಕನ ಒಡಂಬಡಿಕೆಯನ್ನು ನೀನೇ ತಿರಸ್ಕರಿಸಿದೆ, ಅವನ ಕಿರೀಟವನ್ನು ನೆಲಕ್ಕೆ ಹಾಕಿ ಹೊಲೆಮಾಡಿದೆ ಎಂದು ಎದುರು ನಿಂತು ಆರೋಪಿಸುತ್ತದೆ. ಉತ್ತರ ಬರುವುದಿಲ್ಲ. ದೇವರ ಮೇಲೆ ಹೊರಿಸಿದ ಈ ಆರೋಪವನ್ನು ಆಲಯದ ಹಾಡುಗಳ ಪುಸ್ತಕದಲ್ಲಿಯೇ ಉಳಿಸಿಕೊಂಡ ಜನರ ಪ್ರಾಮಾಣಿಕತೆಯನ್ನು ನಾನು ಅವರ ನಂಬಿಕೆಯ ಬಹು ದೊಡ್ಡ ಭಾಗವೆಂದೇ ತಿಳಿಯುತ್ತೇನೆ.

ಬಾಬಿಲೋನಿಯರು ಕೊಳ್ಳೆಹೊಡೆದ ವಸ್ತುಗಳ ಪಟ್ಟಿ ಅರಸುಗಳು ಗ್ರಂಥದ ಕೊನೆಯಲ್ಲಿದೆ: ತುಂಡು ಮಾಡಿದ ತಾಮ್ರದ ಕಂಬಗಳು, ಬಟ್ಟಲುಗಳು, ಸಲಿಕೆಗಳು. ಮಂಜೂಷದ ಹೆಸರು ಅದರಲ್ಲಿಲ್ಲ. ಅದು ಎಲ್ಲಿ ಹೋಯಿತೆಂಬ ಕುತೂಹಲಕ್ಕೆ ಎಷ್ಟೋ ದಂತಕಥೆಗಳು ಹುಟ್ಟಿವೆ. ನನಗೆ ಅವುಗಳಿಗಿಂತ ಯೆರೆಮೀಯನ ಮಾತೇ ಆಶ್ಚರ್ಯದ್ದು. ಮುಂದಿನ ದಿನಗಳಲ್ಲಿ ಜನರು ಒಡಂಬಡಿಕೆಯ ಮಂಜೂಷವೆಂದು ಹೇಳುವುದಿಲ್ಲ, ಅದರ ನೆನಪೂ ಬಾರದು, ಇಲ್ಲವೆಂದು ಕೊರಗುವುದೂ ಇಲ್ಲ, ಮತ್ತೊಂದನ್ನು ಮಾಡುವುದೂ ಇಲ್ಲ ಎಂದು ಅವನ 3ನೆಯ ಅಧ್ಯಾಯದಲ್ಲಿದೆ. ಅದೇ ಕಾಲದಲ್ಲಿ, ಕೆಬಾರ್ ಕಾಲುವೆಯ ದಡದಲ್ಲಿ ಸೆರೆಯಾಳಾಗಿದ್ದ ಯಾಜಕ ಯೆಹೆಜ್ಕೇಲನಿಗೆ ಯೆಹೋವನ ತೇಜಸ್ಸು ಆಲಯವನ್ನು ಬಿಟ್ಟು ಹೊರಡುವ ದರ್ಶನವಾಯಿತು. ಅದು ಹೊಸ್ತಿಲಿಗೆ ಬಂದು ನಿಂತಿತು. ಆಮೇಲೆ ಪೂರ್ವದ ಬಾಗಿಲಿಗೆ. ಕಡೆಗೆ ಪಟ್ಟಣದ ಪೂರ್ವದಲ್ಲಿರುವ ಗುಡ್ಡದ ಮೇಲೆ. ದಾವೀದನು ಬರಿಗಾಲಿನಲ್ಲಿ ಅಳುತ್ತ ಹತ್ತಿದ ಗುಡ್ಡವೇ ಅದು. ತೇಜಸ್ಸನ್ನು ಹೊತ್ತ ಕೆರೂಬಿಗಳ ಪಕ್ಕದಲ್ಲಿ ಈ ಸಲ ಚಕ್ರಗಳಿದ್ದವು.

ಸೆರೆಯಿಂದ ಮರಳಿದವರು ಆಲಯವನ್ನು ಮತ್ತೆ ಕಟ್ಟಿದರು, ಮಂಜೂಷವನ್ನು ಮಾಡಲಿಲ್ಲ. ಮಹಾಪರಿಶುದ್ಧಸ್ಥಳ ಬರಿದಾಗಿಯೇ ಇತ್ತು. ಅರಸನೂ ಇರಲಿಲ್ಲ. ಕ್ರಿ.ಪೂ. 5ನೆಯ ಶತಮಾನದಲ್ಲಿ ಯಾಜಕನೂ ಶಾಸ್ತ್ರಿಯೂ ಆದ ಎಜ್ರನು ಧರ್ಮಶಾಸ್ತ್ರವನ್ನು ಓದಿದ್ದು ಆಲಯದಲ್ಲಲ್ಲ, ನೀರುಬಾಗಿಲಿನ ಮುಂದಿನ ಬಯಲಿನಲ್ಲಿ, ಮರದ ಅಟ್ಟಣೆಯ ಮೇಲೆ ನಿಂತು, ಬೆಳಗಿನಿಂದ ಮಧ್ಯಾಹ್ನದವರೆಗೆ; ಲೇವಿಯರು ಜನರ ನಡುವೆ ನಿಂತು ಅರ್ಥ ವಿವರಿಸುತ್ತಿದ್ದರು. ಅದಾದ ಕೆಲವು ದಿನಗಳಲ್ಲಿ ಆ ಜನ ಮಾಡಿದ ದೀರ್ಘ ಪ್ರಾರ್ಥನೆಯಲ್ಲಿ, ನಮ್ಮ ಪಾಪಗಳಿಗಾಗಿ ನೀನು ನಮ್ಮ ಮೇಲೆ ನೇಮಿಸಿದ ಅರಸರು ಈ ನೆಲದ ಬೆಳೆಯನ್ನು ತಿನ್ನುತ್ತಾರೆ, ನಮ್ಮ ಮೈಗಳ ಮೇಲೂ ನಮ್ಮ ದನಗಳ ಮೇಲೂ ಇಷ್ಟಬಂದಂತೆ ಅಧಿಕಾರ ನಡೆಸುತ್ತಾರೆ ಎಂಬ ಸಾಲುಗಳಿವೆ. ಸಮುವೇಲನು ಎಚ್ಚರಿಸಿದ್ದ ಅರಸನೇ ಈಗ ಪಾರಸಿಯ ಚಕ್ರವರ್ತಿಯ ರೂಪದಲ್ಲಿ ಅವರ ಮೇಲೆ ಕುಳಿತಿದ್ದನು. ಪ್ರಾರ್ಥನೆ ಮುಗಿಸಿ ಅವರು ಒಡಂಬಡಿಕೆಯನ್ನು ಬರೆದು, ಅರಸನ ಮುದ್ರೆಯಿಲ್ಲದೆ, ದೇಶಾಧಿಪತಿ ನೆಹೆಮೀಯನೂ ಯಾಜಕರೂ ಲೇವಿಯರೂ ಜನರ ಮುಖಂಡರೂ ತಂತಮ್ಮ ಮುದ್ರೆಗಳನ್ನು ಒತ್ತಿದರು. ಅದರ ಷರತ್ತುಗಳು ನೆಹೆಮೀಯನ ಗ್ರಂಥದ 10ನೆಯ ಅಧ್ಯಾಯದಲ್ಲಿವೆ. ಏಳನೆಯ ವರ್ಷದಲ್ಲಿ ಸಾಲಗಳನ್ನು ಬಿಟ್ಟುಬಿಡಬೇಕು. ಆಲಯದ ಖರ್ಚಿಗೆಂದು ಒಬ್ಬೊಬ್ಬರೂ ವರ್ಷಕ್ಕೆ ಶೆಕೆಲಿನ ಮೂರನೆಯ ಒಂದು ಪಾಲನ್ನು ಕೊಡಬೇಕು. ಯಜ್ಞವೇದಿಗೆ ಬೇಕಾದ ಸೌದೆಯನ್ನು ಯಾವ ಮನೆತನ ಯಾವಾಗ ತರಬೇಕೆಂಬುದನ್ನು ಚೀಟಿ ಹಾಕಿ ಗೊತ್ತುಮಾಡಬೇಕು.